ಚೆಂಡಿಗೆ ತಕ್ಕ ಕೈಯೋ, ಕೈಗೆ ತಕ್ಕ ಚೆಂಡೋ?

ಕಾರವಾರ ತಾಲ್ಲೂಕಿನ ಮಲ್ಲಾಪುರವನ್ನು ವಾಚಕರಲ್ಲಿ ಅನೇಕರು ಕೈಗಾ ಅಣುವಿದ್ಯುತ್ ಕೇಂದ್ರದ ಸಿಬ್ಬಂದಿಯ ವಸತಿ ಇರುವ ಊರೆಂದು ಬಲ್ಲರು. ಕಾಳೀ ನದಿಯ ಕಣಿವೆಯಲ್ಲಿ, ಕಾಡುಗುಡ್ಡಗಳ ನಡುವೆ ಇರುವ ಈ ಊರಿನಲ್ಲಿ ಮಳೆಗಾಲ ಕಳೆದು ಭತ್ತದ ಕೊಯ್ಲು ಮುಗಿಯಿತೆಂದರೆ ಬಯಲು ಕಂಡಲ್ಲೆಲ್ಲ ಕ್ರಿಕೆಟ್ ಆಟ ಆರಂಭವಾಗುತ್ತದೆ. ಭಾನುವಾರದ ಸಂಜೆ ಅಲ್ಲಿ ಅಡ್ಡಾಡಿದವರಿಗೆ ನಾಲ್ಕು ಬಗೆಯ ಚೆಂಡುಗಳು ಕಣ್ಣಿಗೆ ಬಿದ್ದಾವು. ಕೊಯ್ದ ಗದ್ದೆಯಲ್ಲಿ ರಬ್ಬರ್ ಚೆಂಡು. ಮನೆಗಳ ಸಾಲಿನ ನಡುವಣ ಓಣಿಯಲ್ಲಿ ಟೆನಿಸ್ ಚೆಂಡು. ಪಂದ್ಯಾವಳಿಗೆ ತಾಲೀಮು ನಡೆಸುವ ತರುಣರ ಕೈಯಲ್ಲಿ ‘ಹೆವಿ’ ಎಂದು ಕರೆಯಲಾಗುವ ಭಾರದ ಟೆನಿಸ್ ಚೆಂಡು. ಚಾಪೆ ಹಾಸಿದ ಅಂಕಣದಲ್ಲಿ ಕೆಂಪು ತೊಗಲಿನ ಚೆಂಡು. ಆಟದ ಹೆಸರು ಎಲ್ಲ ಕಡೆಯೂ ಒಂದೇ. ಆದರೆ ಭೌತವಿಜ್ಞಾನದ ಕಣ್ಣಿನಿಂದ ನೋಡಿದರೆ ಈ ನಾಲ್ಕು ಗುಂಪಿನವರೂ ನಾಲ್ಕು ಬೇರೆ ಬೇರೆ ಆಟಗಳನ್ನು ಆಡುತ್ತಿದ್ದಾರೆಂದೇ ಹೇಳಬೇಕು.

ಮಗನಿಗೆ ಬ್ಯಾಟನ್ನು ಕೊಡಿಸುವ ತಂದೆ ಅದನ್ನು ಹುಡುಗನ ಸೊಂಟದ ಬಳಿ ನಿಲ್ಲಿಸಿ ನೋಡುತ್ತಾನೆ. ಎತ್ತಿ ಬೀಸಿ ನೋಡೆಂದು ಹೇಳುತ್ತಾನೆ. ಪಾದರಕ್ಷೆಯನ್ನಂತೂ ಅಳತೆ ನೋಡದೆ ಯಾರೂ ಕೊಳ್ಳುವುದಿಲ್ಲ. ಚೆಂಡಿನ ವಿಷಯ ಬಂದಾಗ ಮಾತ್ರ ಈ ವಿವೇಕವೆಲ್ಲ ಮರೆತುಹೋಗುತ್ತದೆ. “ಚೆಂಡು ಚೆಂಡೇ ಅಲ್ಲವೆ?” ಎಂಬ ಮಾತಿನಿಂದ ವಿಷಯ ಮುಗಿಯುತ್ತದೆ. ಬೌಲಿಂಗ್ ಮಾಡುವವನಿಗೆ ಚೆಂಡೇ ಉಪಕರಣ. ದಾಂಡುಗಾರನಿಗೆ ಬ್ಯಾಟು ಹೇಗೋ ಅವನಿಗೆ ಚೆಂಡು ಹಾಗೆ. ಅದು ಅವನ ಅಂಗೈಗೆ, ತೋಳಿನ ಬಲಕ್ಕೆ, ಅವನ ಬೌಲಿಂಗಿನ ರೀತಿಗೆ ಹೊಂದಬೇಕೆಂಬುದನ್ನು ನಾವು ಗಮನಿಸುತ್ತಲೇ ಇಲ್ಲ. ಈ ಅಲಕ್ಷ್ಯದಿಂದ ನಷ್ಟವಾಗುವುದು ಮಕ್ಕಳಿಗೆ. ಆ ನಷ್ಟದಲ್ಲಿ ನಮ್ಮದೂ ಒಂದು ಪಾಲುಂಟೆಂದು ಮೊದಲೇ ಒಪ್ಪಿಕೊಂಡು ಮುಂದಿನ ಮಾತನ್ನು ಹೇಳುತ್ತೇವೆ.

ನಾಲ್ಕು ವರ್ಷಗಳ ಹಿಂದೆ ಮಲ್ಲಾಪುರದಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬ, ಹನ್ನೊಂದರ ವಯಸ್ಸಿನವನು, ಟೆನಿಸ್ ಚೆಂಡಿನಲ್ಲಿ ಅತ್ಯಂತ ಸೊಗಸಾಗಿ ಸ್ಪಿನ್ ಮಾಡುತ್ತಿದ್ದ. ಮಣಿಕಟ್ಟನ್ನು ತಿರುಗಿಸಿ ಅವನು ಬಿಟ್ಟ ಚೆಂಡು ಗಾಳಿಯಲ್ಲಿ ಮೇಲೇರಿ, ತಟ್ಟನೆ ಕುಸಿದು, ನೆಲ ಮುಟ್ಟಿದ ಕೂಡಲೇ ಬೇರೊಂದು ದಿಕ್ಕಿಗೆ ಹೊರಳುತ್ತಿತ್ತು. ದೊಡ್ಡ ಹುಡುಗರೂ ಅವನನ್ನು ಆಡಲು ತಡಬಡಿಸುತ್ತಿದ್ದರು. ನಾವು ಮೆಚ್ಚಿ, ಅವನ ಹುಟ್ಟುಹಬ್ಬದ ದಿನ ಒಂದು ತೊಗಲಿನ ಚೆಂಡನ್ನು ಉಡುಗೊರೆಯಾಗಿ ಕೊಟ್ಟೆವು. “ಇನ್ನು ಆ ಆಟಿಗೆಯ ಚೆಂಡು ಸಾಕು, ನಿಜವಾದ ಚೆಂಡಿನಲ್ಲಿ ಆಡು” ಎಂದೂ ಉಪದೇಶಿಸಿದೆವು. ಅದು ದೊಡ್ಡವರ ಪೂರ್ಣ ತೂಕದ ಚೆಂಡು. ಕೆಲವು ದಿನಗಳಲ್ಲಿ ಹುಡುಗ ಬಂದು, “ಸರ್, ಬಾಲು ಬೆರಳಲ್ಲಿ ನಿಲ್ಲೂದಿಲ್ಲ” ಎಂದ. ರೂಢಿಯಾದರೆ ಸರಿಹೋಗುತ್ತದೆಂದು ನಾವು ಸಮಾಧಾನ ಹೇಳಿದೆವು. ರೂಢಿಯೇನೋ ಆಯಿತು. ಆದರೆ ರೂಢಿಯಾದದ್ದು ಬೇರೆ. ಭಾರವಾದ ಚೆಂಡನ್ನು ಆಚೆಯ ತುದಿಗೆ ಮುಟ್ಟಿಸುವ ಆತುರದಲ್ಲಿ ಅವನು ಮೊಣಕೈಯನ್ನು ಮಡಿಸಿ, ಮಾವಿನ ಮರಕ್ಕೆ ಕಲ್ಲೆಸೆಯುವವನಂತೆ ಚೆಂಡನ್ನು ಬೀಸತೊಡಗಿದ್ದ. ಮುಂದಿನ ವರ್ಷ ಮಕ್ಕಳ ಪಂದ್ಯವೊಂದರಲ್ಲಿ ಅಂಪೈರ್ ಮೇಲಿಂದ ಮೇಲೆ ‘ನೋ ಬಾಲ್’ ಕೂಗಿದರು. ಹುಡುಗ ಬೌಲಿಂಗನ್ನೇ ಬಿಟ್ಟುಬಿಟ್ಟ. ಅವನ ತಾಯಿ ಒಮ್ಮೆ ಮಾತಿನ ನಡುವೆ, “ಆ ಬಾಲು ನೀವೇ ಕೊಟ್ಟದ್ದು ಅಲ್ವಾ ಸರ್?” ಎಂದು ಕೇಳಿದರು. ಅದರಲ್ಲಿ ಆಕ್ಷೇಪಣೆ ಏನೂ ಇರಲಿಲ್ಲ. ಆದರೂ ಪ್ರಶ್ನೆ ನಮ್ಮನ್ನು ಚುಚ್ಚಿತು. ತರಗತಿಯಲ್ಲಿ ವರ್ಷ ವರ್ಷವೂ ಜಡತ್ವ, ಭ್ರಮಣೆ, ಘರ್ಷಣೆಗಳನ್ನು ಪಾಠ ಹೇಳುವ ನಾವು, ಆ ಚೆಂಡನ್ನು ಕೊಳ್ಳುವಾಗ ಇವುಗಳಲ್ಲಿ ಒಂದನ್ನಾದರೂ ನೆನೆದೆವೆ?

ಆಗ ಮಾಡಬೇಕಾಗಿದ್ದ ಲೆಕ್ಕವನ್ನು ಈಗ ವಾಚಕರ ಮುಂದೆ ಮಾಡುತ್ತೇವೆ.

ಮೊದಲನೆಯದಾಗಿ ತೂಕ. ದೊಡ್ಡವರ ತೊಗಲಿನ ಚೆಂಡು 155.9 ಗ್ರಾಂನಿಂದ 163 ಗ್ರಾಂವರೆಗೆ ತೂಗಬೇಕು, ಅದರ ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್ ಇರಬೇಕೆಂದು ನಿಯಮವುಂಟು. ಟೆನಿಸ್ ಚೆಂಡಿನ ತೂಕ ಸುಮಾರು 56ರಿಂದ 59 ಗ್ರಾಂ, ವ್ಯಾಸ ಆರೂವರೆಯಿಂದ ಆರೂಮುಕ್ಕಾಲು ಸೆಂಟಿಮೀಟರಿನ ಸುಮಾರು. ಗಾತ್ರದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ. ತೂಕದಲ್ಲಿ ಮಾತ್ರ ಒಂದು ಇನ್ನೊಂದರ ಸುಮಾರು ಮೂರನೆಯ ಒಂದು ಪಾಲು. ಈ ಒಂದು ಸಂಗತಿಯಿಂದಲೇ ಉಳಿದ ಅನೇಕ ಸಂಗತಿಗಳು ಹುಟ್ಟುತ್ತವೆ.

ಗಾಳಿಯನ್ನು ಸೀಳಿ ಹೋಗುವ ಚೆಂಡಿಗೆ ಗಾಳಿಯು ತಡೆಯೊಡ್ಡುತ್ತದೆ. ಆ ತಡೆ ಚೆಂಡಿನ ಗಾತ್ರವನ್ನೂ ಮೇಲ್ಮೈಯನ್ನೂ ವೇಗವನ್ನೂ ಅವಲಂಬಿಸಿದೆ, ತೂಕವನ್ನು ಅವಲಂಬಿಸಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎರಡೂ ಚೆಂಡುಗಳ ಮೇಲೆ ಬೀಳುವ ತಡೆ ಸರಿಸುಮಾರು ಒಂದೇ. ಟೆನಿಸ್ ಚೆಂಡಿನ ಮೇಲಣ ನವಿರು ಅದರ ತಡೆಯನ್ನು ತುಸು ಹೆಚ್ಚಿಸಬಹುದು. ಆದರೆ ತಡೆ ಒಂದೇ ಇದ್ದು ತೂಕ ಮೂರನೆಯ ಒಂದು ಪಾಲಾದರೆ ವೇಗವು ಕುಗ್ಗುವ ರಭಸ ಮೂರು ಪಟ್ಟಾಗುತ್ತದೆ. ಈ ವೇಗದಲ್ಲಿ ಟೆನಿಸ್ ಚೆಂಡಿನ ಮೇಲೆ ಗಾಳಿ ಹಾಕುವ ತಡೆಯು ಆ ಚೆಂಡಿನ ಸ್ವಂತ ಭಾರಕ್ಕಿಂತಲೂ ಹೆಚ್ಚು. ತೊಗಲಿನ ಚೆಂಡಿನಲ್ಲಾದರೋ ಅದು ಭಾರದ ಅರ್ಧದಷ್ಟು ಮಾತ್ರ. ನಮ್ಮ ಲೆಕ್ಕದ ಮೇರೆಗೆ, ನೆಲ ಮುಟ್ಟುವುದನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ, 100 ಕಿಲೋಮೀಟರ್ ವೇಗದಲ್ಲಿ ಕೈಬಿಟ್ಟ ತೊಗಲಿನ ಚೆಂಡು 18 ಮೀಟರ್ ದೂರದ ದಾಂಡುಗಾರನನ್ನು ತಲುಪುವಾಗ 88 ಕಿಲೋಮೀಟರ್ ವೇಗವನ್ನು ಉಳಿಸಿಕೊಂಡಿರುತ್ತದೆ. ಟೆನಿಸ್ ಚೆಂಡು 70ಕ್ಕೆ ಇಳಿದಿರುತ್ತದೆ. ಟೆನಿಸ್ ಚೆಂಡಿನಲ್ಲಿ ಕೇವಲ ವೇಗವನ್ನೇ ನಂಬಿದ ಬೌಲರ್ ತನ್ನ ದುಡಿಮೆಯ ಬಹುಪಾಲನ್ನು ಗಾಳಿಗೆ ಕಪ್ಪವಾಗಿ ತೆರುತ್ತಾನೆಂದು ಇದರ ಅರ್ಥ.

ಎರಡನೆಯದಾಗಿ ಪುಟಿತ. ಟೆನಿಸ್ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರ್ ಮೇಲೇಳಬೇಕೆಂಬುದು ಅದರ ಪರೀಕ್ಷೆ. ಎಂದರೆ ಬಿದ್ದ ಎತ್ತರದ ಅರ್ಧಕ್ಕಿಂತಲೂ ಹೆಚ್ಚು. ತೊಗಲಿನ ಚೆಂಡು ಮೂರನೆಯ ಒಂದು ಪಾಲಿನಷ್ಟು ಎದ್ದರೆ ದೊಡ್ಡದು. ಆದ್ದರಿಂದ ತೊಗಲಿನ ಚೆಂಡಿನಲ್ಲಿ ವಿಕೆಟಿನ ನೆತ್ತಿಗೆ ಬರುವ ಎಸೆತವನ್ನೇ ಟೆನಿಸ್ ಚೆಂಡಿನಲ್ಲಿ ಅದೇ ಜಾಗಕ್ಕೆ ಹಾಕಿದರೆ ಅದು ದಾಂಡುಗಾರನ ಎದೆಯ ಮಟ್ಟಕ್ಕೆ, ಹೊಡೆಯಲು ಹೇಳಿಮಾಡಿಸಿದ ಎತ್ತರಕ್ಕೆ ಬರುತ್ತದೆ. ಕರಾವಳಿಯ ಪಂದ್ಯಾವಳಿಗಳಲ್ಲಿ ನುರಿತ ಟೆನಿಸ್ ಚೆಂಡಿನ ಬೌಲರುಗಳು ದಾಂಡುಗಾರನ ಕಾಲಬುಡಕ್ಕೇ ಯಾರ್ಕರ್ ಹಾಕುವುದು ಸುಮ್ಮನೆ ಅಲ್ಲ. ಪುಸ್ತಕ ಓದದೆಯೂ ಅವರು ಈ ನಿಯಮವನ್ನು ಕೈಯಿಂದ ಕಲಿತಿದ್ದಾರೆ.

ಮೂರನೆಯದು ಭ್ರಮಣೆ; ನಮ್ಮ ನೆರೆಯ ಹುಡುಗನ ಕತೆಗೆ ಇದೇ ಕೀಲಿಕೈ. ವಸ್ತುವನ್ನು ನೂಕುವಾಗ ಅದರ ತೂಕ ಹೇಗೆ ಪ್ರತಿರೋಧಿಸುತ್ತದೆಯೋ ಹಾಗೆಯೇ ವಸ್ತುವನ್ನು ತಿರುಗಿಸುವಾಗ ಅದರ ‘ಭ್ರಮಣ ಜಡತ್ವ’ ಪ್ರತಿರೋಧಿಸುತ್ತದೆ. ಇದು ತೂಕದೊಡನೆ ಹೆಚ್ಚುವುದಲ್ಲದೆ ತ್ರಿಜ್ಯದ ವರ್ಗದೊಡನೆಯೂ ಹೆಚ್ಚುತ್ತದೆ. ಕ್ರಿಕೆಟ್ ನಿಯಮಾವಳಿಯ 2017ರ ಆವೃತ್ತಿಯು ಹದಿಮೂರರ ಒಳಗಿನ ಮಕ್ಕಳಿಗಾಗಿ 133ರಿಂದ 144 ಗ್ರಾಂ ತೂಕದ, 20.5ರಿಂದ 22 ಸೆಂಟಿಮೀಟರ್ ಸುತ್ತಳತೆಯ ಚೆಂಡನ್ನೂ, ಸ್ತ್ರೀಯರಿಗಾಗಿ 140ರಿಂದ 151 ಗ್ರಾಂ ತೂಕದ ಚೆಂಡನ್ನೂ ವಿಧಿಸಿದೆ. ಮಕ್ಕಳ ಚೆಂಡು ದೊಡ್ಡವರ ಚೆಂಡಿಗಿಂತ ಇಪ್ಪತ್ತು ಇಪ್ಪತ್ತೆರಡು ಗ್ರಾಂ ಮಾತ್ರ ಹಗುರ. ಅಷ್ಟಕ್ಕೆ ಏನು ವ್ಯತ್ಯಾಸವಾದೀತೆಂದು ಕೇಳಬಹುದು. ಲೆಕ್ಕ ಮಾಡಿದರೆ ಅದರ ಭ್ರಮಣ ಜಡತ್ವ ಸುಮಾರು ಕಾಲುಭಾಗ ಕಡಮೆ. ಬೆರಳುಗಳು ಅಷ್ಟೇ ತಿರುಚಿದರೂ ಚೆಂಡು ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚು ವೇಗವಾಗಿ ಸುತ್ತುತ್ತದೆ. ಮೇಲಾಗಿ ಚಿಕ್ಕ ಚೆಂಡನ್ನು ಚಿಕ್ಕ ಬೆರಳುಗಳು ಸರಿಯಾಗಿ ಹಿಡಿಯಬಲ್ಲವು. ಟೆನಿಸ್ ಚೆಂಡಾದರೋ ಒಳಗೆ ಟೊಳ್ಳು. ಅದರ ದ್ರವ್ಯವೆಲ್ಲ ಹೊರಚಿಪ್ಪಿನಲ್ಲಿದೆ. ಆದ್ದರಿಂದ ಅದರ ಭ್ರಮಣ ಜಡತ್ವವು ತೂಕದಷ್ಟು ಇಳಿಯದೆ ತೊಗಲಿನ ಚೆಂಡಿನ ಅರ್ಧದಷ್ಟಾಗುತ್ತದೆ. ಅರ್ಧ ಪ್ರತಿರೋಧದ ಚೆಂಡಿನಿಂದ ಒಮ್ಮೆಗೇ ಪೂರ್ಣ ಪ್ರತಿರೋಧದ ಚೆಂಡಿಗೆ ಹುಡುಗನನ್ನು ದೂಡಿ, ಅವನ ವಿದ್ಯೆ ಅಲ್ಲಿಯೂ ನಡೆಯಬೇಕೆಂದು ನಾವು ಅಪೇಕ್ಷಿಸಿದೆವು. ಅವನ ವಿದ್ಯೆಯಲ್ಲಿ ಕುಂದಿರಲಿಲ್ಲ. ಕುಂದು ನಮ್ಮ ಆಯ್ಕೆಯಲ್ಲಿತ್ತು.

ಇನ್ನು ಗಾಳಿಯಲ್ಲಿ ಬಾಗುವ ಚೆಂಡಿನ, ಅಂದರೆ ಸ್ವಿಂಗ್ ಬೌಲಿಂಗಿನ ವಿಚಾರ. ತೊಗಲಿನ ಚೆಂಡಿನ ನಡುವೆ ಉಬ್ಬಿನಿಂತ ಹೊಲಿಗೆಯನ್ನು ಬೌಲರನು ಓರೆಯಾಗಿ ಹಿಡಿದು ಬಿಡುತ್ತಾನೆ. ಹೊಲಿಗೆಯಿರುವ ಪಕ್ಕದಲ್ಲಿ ಚೆಂಡಿಗೆ ಅಂಟಿದ ಗಾಳಿಯ ತೆಳುಪದರವು ಕದಡಿ ಪ್ರಕ್ಷುಬ್ಧವಾಗುತ್ತದೆ. ಹಾಗಾದ ಪದರವು ಚೆಂಡಿನ ಮೈಯನ್ನು ಹೆಚ್ಚು ದೂರದವರೆಗೆ ಅಪ್ಪಿಕೊಂಡಿರುತ್ತದೆ. ನುಣುಪಾದ ಪಕ್ಕದ ಪದರವು ಬೇಗನೆ ಬಿಟ್ಟುಹೋಗುತ್ತದೆ. ಈ ಅಸಮತೆಯಿಂದ ಎರಡು ಪಕ್ಕಗಳ ಒತ್ತಡದಲ್ಲಿ ಭೇದವುಂಟಾಗಿ ಚೆಂಡು ಹೊಲಿಗೆ ತೋರುವ ದಿಕ್ಕಿಗೆ ಬಾಗುತ್ತದೆ. ರವೀಂದ್ರ ಮೆಹ್ತಾ ಮತ್ತು ಅವರ ಸಂಗಡಿಗರು ಇದನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಿ 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾಮಾನ್ಯ ಸ್ವಿಂಗಿಗೆ ಗಂಟೆಗೆ 110 ಕಿಲೋಮೀಟರಿನ ಆಸುಪಾಸಿನ ವೇಗವೇ ಅತ್ಯಂತ ಅನುಕೂಲವೆಂಬುದು ಇಂಥ ಪ್ರಯೋಗಗಳಿಂದ ತಿಳಿದ ಸಂಗತಿ. ಅತಿ ವೇಗದಲ್ಲಿ ಎರಡೂ ಪಕ್ಕಗಳ ಪದರಗಳು ಕದಡಿ ಸಾಮಾನ್ಯ ಸ್ವಿಂಗ್ ಕುಗ್ಗುತ್ತದೆ. ಮಧ್ಯಮ ವೇಗದ ಬೌಲರನು ತನ್ನ ವೇಗ ಸಾಲದೆಂದು ಕೊರಗಬೇಕಾದುದಿಲ್ಲ. ಹೊಲಿಗೆ ಚೆನ್ನಾಗಿ ಎದ್ದುನಿಂತ, ಒಂದು ಪಕ್ಕದ ಹೊಳಪು ಕೆಡದ ಚೆಂಡನ್ನು ಆರಿಸಿಕೊಂಡರೆ ಸಾಕು.

ನಮ್ಮ ಕರಾವಳಿಯಲ್ಲಿ ಪ್ರಚಲಿತವಾದ ಒಂದು ನಂಬಿಕೆಯನ್ನು ಇಲ್ಲಿಯೇ ವಿಚಾರಿಸಬಹುದು. ತೇವವುಳ್ಳ ಗಾಳಿ ‘ಭಾರ’ವಾಗಿರುವುದರಿಂದ ಕಾರವಾರ, ಅಂಕೋಲೆಗಳಲ್ಲಿ ಚೆಂಡು ಹೆಚ್ಚು ಸ್ವಿಂಗ್ ಆಗುತ್ತದೆಂದು ಅನೇಕರು ಹೇಳುತ್ತಾರೆ. ನೀರಾವಿಯ ಅಣುಭಾರ 18. ಒಣ ಗಾಳಿಯ ಸರಾಸರಿ ಅಣುಭಾರ ಸುಮಾರು 29. ಆದ್ದರಿಂದ ಅದೇ ಉಷ್ಣತೆ, ಅದೇ ಒತ್ತಡಗಳಲ್ಲಿ ತೇವದ ಗಾಳಿಯು ಒಣ ಗಾಳಿಗಿಂತ ತುಸು ಹಗುರವೇ. ಮಧ್ಯಾಹ್ನದ ಮೇಲೆ ಸಮುದ್ರದಿಂದ ಬೀಸುವ ಗಾಳಿಯು ಹಗುರವಾದ ಟೆನಿಸ್ ಚೆಂಡನ್ನು ಪಕ್ಕಕ್ಕೆ ತಳ್ಳುವುದು ನಿಜ. ಅದು ಗಾಳಿಯ ಬೀಸಿನ ಫಲ, ತೇವದ ಫಲವಲ್ಲ. ಟೆನಿಸ್ ಚೆಂಡಿನ ಅರ್ಧಕ್ಕೆ ನುಣುಪಾದ ಟೇಪನ್ನು ಸುತ್ತಿ, ಒಂದು ಪಕ್ಕ ನಯ, ಇನ್ನೊಂದು ಪಕ್ಕ ಒರಟು ಮಾಡಿ ಹುಡುಗರು ಅದನ್ನು ಬಾಗಿಸುತ್ತಾರಲ್ಲ, ಅದು ಶುದ್ಧ ವಿಜ್ಞಾನ. ಎರಡು ಪಕ್ಕಗಳ ಅಸಮತೆಯೇ ಅಲ್ಲಿಯೂ ಕಾರಣ.

ಒಂದೇ ಚೆಂಡು ಬೇರೆ ಬೇರೆ ಕೈಗಳಲ್ಲಿ ಬೇರೆ ಬೇರೆ ರೀತಿ ವರ್ತಿಸುವುದಕ್ಕೆ ಕನ್ನಡ ನಾಡಿನಲ್ಲಿಯೇ ಉತ್ತಮ ನಿದರ್ಶನಗಳುಂಟು. ಎರಪಳ್ಳಿ ಪ್ರಸನ್ನ, ಭಾಗವತ ಚಂದ್ರಶೇಖರ್, ಅನಿಲ್ ಕುಂಬ್ಳೆ, ಈ ಮೂವರೂ ಸ್ಪಿನ್ನರುಗಳು. ಪ್ರಸನ್ನರ ಬಲ ಗಾಳಿಯಲ್ಲಿ ಚೆಂಡನ್ನು ತೇಲಿಸಿ, ಅದು ಎಲ್ಲಿ ಬೀಳುವುದೆಂಬ ಭ್ರಮೆಯನ್ನು ಹುಟ್ಟಿಸುವುದರಲ್ಲಿತ್ತು. 49 ಟೆಸ್ಟುಗಳಲ್ಲಿ ಅವರು 189 ವಿಕೆಟುಗಳನ್ನು ಪಡೆದರು. ಬಾಲ್ಯದಲ್ಲಿ ಪೋಲಿಯೋದಿಂದ ಬಲಗೈ ಸೊರಗಿದ ಚಂದ್ರಶೇಖರರು ಅದೇ ಕೈಯಿಂದ ಸ್ಪಿನ್ನರಿಗೆ ಅಪೂರ್ವವಾದ ವೇಗದಲ್ಲಿ ಲೆಗ್ ಸ್ಪಿನ್ ಹಾಕಿ, 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟುಗಳನ್ನು ಕಿತ್ತು, ಇಂಗ್ಲೆಂಡಿನಲ್ಲಿ ಭಾರತದ ಮೊದಲ ಸರಣಿ ವಿಜಯಕ್ಕೆ ಕಾರಣರಾದರು. ಎತ್ತರದ ಆಳಾದ ಕುಂಬ್ಳೆಯವರು ಚೆಂಡನ್ನು ಪಕ್ಕಕ್ಕೆ ತಿರುಗಿಸುವುದಕ್ಕಿಂತ ಮೇಲಕ್ಕೆ ಪುಟಿಸುವುದನ್ನೇ ನೆಚ್ಚಿ 619 ಟೆಸ್ಟ್ ವಿಕೆಟುಗಳನ್ನು ಗಳಿಸಿದರು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಒಂದು ಇನಿಂಗ್ಸಿನ ಹತ್ತೂ ವಿಕೆಟುಗಳು ಅವರವೇ. ಮೂವರೂ ತಮ್ಮ ದೇಹವನ್ನು ಅರಿತು ರೀತಿಯನ್ನು ಕಟ್ಟಿಕೊಂಡರು. ಒಬ್ಬರು ಇನ್ನೊಬ್ಬರ ರೀತಿಯನ್ನು ಅನುಕರಿಸಲಿಲ್ಲ. ಆಸ್ಟ್ರೇಲಿಯದ ಜಾಕ್ ಐವರ್ಸನ್ ಎಂಬಾತನಂತೂ ಸೈನ್ಯದಲ್ಲಿದ್ದಾಗ ಟೇಬಲ್ ಟೆನಿಸ್ಸಿನ ಪುಟ್ಟ ಚೆಂಡನ್ನು ಮಡಿಸಿದ ಬೆರಳಿನಿಂದ ಚಿಮ್ಮುತ್ತ ಚಿಮ್ಮುತ್ತ ಹೊಸದೊಂದು ಹಿಡಿತವನ್ನೇ ಕಂಡುಹಿಡಿದು, 1950ರ ಸುಮಾರಿಗೆ ಅದರಿಂದಲೇ ಟೆಸ್ಟ್ ಆಟಗಾರನಾದ. ಹಗುರವಾದ ಚೆಂಡು ವಿದ್ಯೆಯನ್ನು ಕೆಡಿಸುತ್ತದೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಚೆಂಡಿನ ಆಯ್ಕೆಯನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿಕೊಂಡ ಬೇರೊಂದು ಆಟವೂ ಇದೆ. ಬೆಂಗಳೂರಿನಂಥ ನಗರಗಳಲ್ಲಿ ಈಗ ಕಾಣಸಿಗುವ ಹತ್ತು ಗೂಟಗಳ ಬೌಲಿಂಗ್ ಆಟವನ್ನು ಕೆಲವು ವಾಚಕರು ನೋಡಿರಬಹುದು. ಮರದ ನುಣುಪಾದ ಹಾದಿಯಲ್ಲಿ ಗುಂಡನ್ನು ಉರುಳಿಸಿ, 60 ಅಡಿಗಳಾಚೆ ನಿಲ್ಲಿಸಿದ ಹತ್ತು ಗೂಟಗಳನ್ನು ಕೆಡಹಬೇಕು. ಗುಂಡಿನ ತೂಕ 16 ಪೌಂಡು, ಎಂದರೆ ಸುಮಾರು ಏಳೂಕಾಲು ಕಿಲೋಗ್ರಾಂ, ಮೀರಬಾರದು. ಅದಕ್ಕಿಂತ ಎಷ್ಟು ಹಗುರವಾದುದನ್ನು ಬೇಕಾದರೂ ಆಟಗಾರನು ತನ್ನ ತೋಳಿಗೆ ತಕ್ಕಂತೆ ಆರಿಸಿಕೊಳ್ಳಬಹುದು. ಬೆರಳು ತೂರಿಸುವ ತೂತುಗಳನ್ನು ಅವನ ಕೈಯ ಅಳತೆಗೇ ಕೊರೆಯುತ್ತಾರೆ. ಹಾದಿಯ ಮೊದಲ ಭಾಗಕ್ಕೆ ಎಣ್ಣೆ ಸವರಿರುತ್ತಾರೆ, ಕೊನೆಯ ಭಾಗ ಒಣಗಿರುತ್ತದೆ. ನೇರವಾಗಿ ಉರುಳಿಸುವವನು ನುಣುಪಾದ ಪಾಲಿಯೆಸ್ಟರ್ ಮೈಯ ಗುಂಡನ್ನು ಬಯಸುತ್ತಾನೆ. ಕೊನೆಯಲ್ಲಿ ಅದನ್ನು ಕೊಕ್ಕೆಯಂತೆ ಬಾಗಿಸಬಯಸುವವನು ಒಣ ನೆಲವನ್ನು ಬಿಗಿಯಾಗಿ ಹಿಡಿಯುವ ರಾಳದ ಮೈಯ ಗುಂಡನ್ನು ಆರಿಸುತ್ತಾನೆ. ಸುತ್ತದೆ ಜಾರುತ್ತ ಹೊರಟ ಗುಂಡು, ಅದು ಸರ್ವತ್ರ ಸಮಾನ ಸಾಂದ್ರತೆಯ ಗೋಲವಾಗಿದ್ದರೆ, ತನ್ನ ವೇಗವು ಏಳರಲ್ಲಿ ಐದು ಪಾಲಿಗೆ ಇಳಿದಾಗ ಜಾರುವುದನ್ನು ಬಿಟ್ಟು ಉರುಳತೊಡಗುತ್ತದೆ. ಘರ್ಷಣೆ ಎಷ್ಟೇ ಇರಲಿ, ಈ ಪ್ರಮಾಣ ಬದಲಾಗದು. ಘರ್ಷಣೆಯು ನಿರ್ಧರಿಸುವುದು ಆ ಘಟ್ಟ ಎಲ್ಲಿ ಬರುತ್ತದೆಂಬುದನ್ನು ಮಾತ್ರ. ಆದ್ದರಿಂದ ಗುಂಡಿನ ಮೈಯನ್ನು ಆರಿಸುವುದೆಂದರೆ ಆ ಘಟ್ಟದ ಸ್ಥಳವನ್ನು ಆರಿಸುವುದೇ ಆಗಿದೆ. ಆ ಆಟಕ್ಕೆ ಕಾಲಿಟ್ಟ ಹತ್ತು ವರ್ಷದ ಮಗುವಿನ ಕೈಗೆ 16 ಪೌಂಡಿನ ಗುಂಡನ್ನು ಯಾರೂ ಕೊಡುವುದಿಲ್ಲ. ನಮ್ಮ ಕ್ರಿಕೆಟಿನಲ್ಲಿ ಕೊಡುತ್ತೇವೆ. ಕೊಟ್ಟು, ಎಸೆಯಲಾರದ ಮಗುವನ್ನು ದೂರುತ್ತೇವೆ.

ಹಾಗಾದರೆ ಆರಿಸುವುದು ಹೇಗೆ? ಸ್ಪಿನ್ ಮಾಡುವ ಮಗುವಿಗೆ ಬೆರಳುಗಳ ಹಿಡಿತವೇ ಮುಖ್ಯ. ಚೆಂಡನ್ನು ಹಿಡಿದಾಗ ತೋರುಬೆರಳೂ ನಡುಬೆರಳೂ ಬಿಗಿದು ನೋಯದೆ ಹರಡಿಕೊಂಡು, ಹೊಲಿಗೆಯ ಮೇಲೆ ಕೂಡಬೇಕು. ಬೆರಳುಗಳು ಸಾಲದೆ ಚೆಂಡು ಅಂಗೈಗೆ ಜಾರಿದರೆ ಆ ಚೆಂಡು ಅವನಿಗಲ್ಲ. ಮಧ್ಯಮ ವೇಗದಲ್ಲಿ ಸ್ವಿಂಗ್ ಮಾಡುವವನು ಹೊಲಿಗೆಯನ್ನು ನೋಡಿ ಕೊಳ್ಳಬೇಕು. ಮೀರತ್ತಿನ ಎಸ್‌ಜಿ ಚೆಂಡುಗಳಲ್ಲಿ ಆರು ಸಾಲು ಹೊಲಿಗೆಯನ್ನೂ ಕೈಯಿಂದಲೇ ಹಾಕುತ್ತಾರೆ. ಭಾರತದಲ್ಲಿ ನಡೆಯುವ ಟೆಸ್ಟ್ ಪಂದ್ಯಗಳಲ್ಲಿ ಬಳಕೆಯಾಗುವುದು ಈ ಚೆಂಡು. ಆದರೆ ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ಎಂಥ ಚೆಂಡಿನ ಹೊಳಪೂ ಕೆಲವು ಓವರುಗಳಲ್ಲಿ ಉಜ್ಜಿಹೋಗುತ್ತದೆ. ಅಲ್ಲಿ ಬೆಲೆಬಾಳುವ ಚೆಂಡನ್ನು ಹಾಳುಮಾಡುವುದಕ್ಕಿಂತ ಚಾಪೆಯನ್ನು ಹಾಸಿಕೊಳ್ಳುವುದು ಲೇಸು. ವೇಗವನ್ನು ನೆಚ್ಚಿದವನಿಗೆ ಭಾರದ ಚೆಂಡು ಲಾಭಕರ. ಆದರೆ ಬೆಳೆಯುವ ಭುಜಕ್ಕೆ ಲಾಭಕ್ಕಿಂತ ರಕ್ಷಣೆ ದೊಡ್ಡದು. ಓಣಿಯಲ್ಲಿಯೂ ಗದ್ದೆಯಲ್ಲಿಯೂ ಟೆನಿಸ್ ಚೆಂಡೇ ಒಳ್ಳೆಯದು. ಗಂಟೆಗೆ 100 ಕಿಲೋಮೀಟರ್ ವೇಗದ ತೊಗಲಿನ ಚೆಂಡಿನ ಚಲನಶಕ್ತಿ ಸುಮಾರು 62 ಜೂಲ್, ಅದೇ ವೇಗದ ಟೆನಿಸ್ ಚೆಂಡಿನದು 22. ತಲೆಗೆ, ಕಣ್ಣಿಗೆ ಕವಚವಿಲ್ಲದೆ ಆಡುವ ಮಕ್ಕಳ ವಿಷಯದಲ್ಲಿ ಈ ಎರಡು ಅಂಕಿಗಳ ಮೇಲೆ ವ್ಯಾಖ್ಯಾನ ಬೇಕಾಗಿಲ್ಲ. ಮಳೆ ನಿಂತ ಹಸಿ ನೆಲದಲ್ಲಾದರೆ ರಬ್ಬರ್ ಚೆಂಡು ಸರಿ. ಟೆನಿಸ್ ಚೆಂಡಿನ ನವಿರು ನೀರನ್ನು ಹೀರಿ, ಓವರಿಗೊಂದು ತೂಕವಾಗುತ್ತದೆ.

ನಮ್ಮ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳು ಬರುವುದುಂಟು. “ಮುಂದೆ ದೊಡ್ಡ ಚೆಂಡಿನಲ್ಲಿಯೇ ಆಡಬೇಕಾದವನು ಈಗಿನಿಂದಲೇ ಅದಕ್ಕೆ ಒಗ್ಗಿಕೊಳ್ಳಲಿ” ಎಂಬುದು ಮೊದಲನೆಯದು. ಮುಂದೆ ದೊಡ್ಡವನಾಗುವ ಹುಡುಗನಿಗೆ ಈಗಲೇ ಅಪ್ಪನ ಚಪ್ಪಲಿಯನ್ನು ತೊಡಿಸಿದರೆ ಅವನು ನಡಿಗೆಯನ್ನು ಕಲಿಯುವುದಿಲ್ಲ, ಎಳೆದಾಡುವುದನ್ನು ಕಲಿಯುತ್ತಾನೆ. ತೋಳು ಒಮ್ಮೆ ಕಲಿತ ತಪ್ಪನ್ನು ಮರೆಯುವುದು ಕಷ್ಟ. ಮೊಣಕೈ ಹದಿನೈದು ಡಿಗ್ರಿಗಿಂತ ಹೆಚ್ಚು ನೇರವಾಗಕೂಡದೆಂಬ ಅಂತರರಾಷ್ಟ್ರೀಯ ಮಿತಿ 2005ರಲ್ಲಿ ಬಂದ ಮೇಲೆ ಹೆಸರಾಂತ ಬೌಲರುಗಳೇ ವರ್ಷಗಟ್ಟಲೆ ತಿದ್ದಿಕೊಳ್ಳಲು ಹೆಣಗಿದ್ದಾರೆ, ಮಕ್ಕಳ ಪಾಡೇನು? ಎರಡನೆಯ ಆಕ್ಷೇಪಣೆ ಹಣದ್ದು. ಇದು ನಿಜವಾದ ಆಕ್ಷೇಪಣೆ. ಒಂದು ಚೆಂಡನ್ನು ಕೊಳ್ಳುವುದೇ ದುಬಾರಿಯಾಗಿರುವಲ್ಲಿ ಮೂರನ್ನು ಎಲ್ಲಿಂದ ತರುವುದು? ಪ್ರತಿಯೊಂದು ಮನೆಯೂ ಮೂರನ್ನು ಕೊಳ್ಳಲೆಂದು ನಾವು ಹೇಳುತ್ತಿಲ್ಲ. ಶಾಲೆಯ ಪೆಟ್ಟಿಗೆಯಲ್ಲಿ ಒಂದೆರಡು ಮಕ್ಕಳ ಚೆಂಡುಗಳಿದ್ದರೆ ಇಡೀ ಊರಿನ ಮಕ್ಕಳಿಗೆ ಸಾಕಾದೀತು. ಪಂದ್ಯಾವಳಿಗಳಿಗೆ ಬಹುಮಾನದ ಹಣವನ್ನು ಕೂಡಿಸಬಲ್ಲ ಊರುಗಳಿಗೆ ಇದು ಅಸಾಧ್ಯವಾದ ಖರ್ಚಲ್ಲ.

ಆದ್ದರಿಂದ ಮೂರು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇವೆ. ಪಂದ್ಯಾವಳಿಯನ್ನು ಏರ್ಪಡಿಸುವವರು ತಮ್ಮ ಪ್ರಕಟಣೆಯಲ್ಲಿ ಬಹುಮಾನದ ಮೊತ್ತವನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸುವಂತೆ ಚೆಂಡಿನ ತೂಕವನ್ನೂ ಹಾಕಿಸಲಿ. ಭಾರದ ಟೆನಿಸ್ ಚೆಂಡುಗಳು ಒಂದೊಂದು ಹೆಸರಿನಲ್ಲಿ ಒಂದೊಂದು ತೂಕ ಇರುವುದರಿಂದ ‘ಟೆನಿಸ್ ಚೆಂಡಿನ ಪಂದ್ಯ’ ಎಂಬಷ್ಟರಿಂದ ಬೌಲರನಿಗೆ ಏನೂ ತಿಳಿಯುವುದಿಲ್ಲ. ಎರಡನೆಯದಾಗಿ, ಹದಿಮೂರರ ಒಳಗಿನ ಮಕ್ಕಳ ಪಂದ್ಯಗಳಲ್ಲಿ ಮಕ್ಕಳ ಚೆಂಡೇ ಬಳಕೆಯಾಗಲಿ. ನಿಯಮವು ಪುಸ್ತಕದಲ್ಲಿದ್ದು ಮೈದಾನದಲ್ಲಿ ಇಲ್ಲದಿದ್ದರೆ ಅದರಿಂದ ಯಾರಿಗೇನು ಪ್ರಯೋಜನ? ಮೂರನೆಯದಾಗಿ, ತಂದೆತಾಯಿಗಳೂ ನಮ್ಮಂಥ ಉಪಾಧ್ಯಾಯರೂ ಚೆಂಡನ್ನು ಕೊಳ್ಳುವ ಮುನ್ನ ಅದನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಲಿ, ಒಂದು ದಾರವನ್ನು ಸುತ್ತಿ ಅಳೆಯಲಿ, ಕೊನೆಗೆ ಮಗುವಿನ ಕೈಗೆ ಕೊಟ್ಟು ಅವನ ಬೆರಳುಗಳನ್ನು ನೋಡಲಿ. ಅಂಗಡಿಯವನು ನಕ್ಕರೆ ನಗಲಿ. ಐದು ನಿಮಿಷದ ಕೆಲಸ ಇದು.

ನಮ್ಮ ನೆರೆಮನೆಯ ಹುಡುಗನಿಗೆ ಈಗ ಹದಿನೈದು. ಕಳೆದ ವರ್ಷ ನಾವು ಅವನಿಗೆ ಒಂದು ಮಕ್ಕಳ ಚೆಂಡನ್ನು ತಂದುಕೊಟ್ಟೆವು. ಆ ವಯಸ್ಸಿನವರಿಗೆ ಪಂದ್ಯದಲ್ಲಿ ಅದು ಸಲ್ಲದೆಂಬುದು ಗೊತ್ತಿದ್ದೂ, ಕೈಯನ್ನು ನೇರ್ಪಡಿಸಿಕೊಳ್ಳುವ ಅಭ್ಯಾಸಕ್ಕೆಂದು ಕೊಟ್ಟೆವು. ಮೊದಲು ಅವನು ಅದನ್ನು ಮುಟ್ಟಲಿಲ್ಲ. ಒಂದು ದಿನ ಸಂಜೆ ಕಾಲೇಜಿನಿಂದ ಹಿಂದಿರುಗುವಾಗ, ಮನೆಯ ಹಿಂದಿನ ಗೋಡೆಗೆ ಅವನು ಒಬ್ಬನೇ ಆ ಚೆಂಡನ್ನು ಹಾಕುತ್ತಿದ್ದುದನ್ನು ಕಂಡೆವು. ಕೈ ನೆಟ್ಟಗೆ ಬರುತ್ತಿತ್ತು. ಚೆಂಡು ಮೊದಲಿನಷ್ಟು ತಿರುಗುತ್ತಿರಲಿಲ್ಲ. ಹಿಂದಿನ ಆ ಸೊಗಸು ಮರಳಿ ಬರುವುದೋ ಇಲ್ಲವೋ ಹೇಳಲಾರೆವು. ನಾವು ಕೊಟ್ಟ ಒಂದು ಉಡುಗೊರೆ ನುಂಗಿದ ವರ್ಷಗಳನ್ನು ನಮ್ಮ ಇನ್ನೊಂದು ಉಡುಗೊರೆ ಹಿಂದಿರುಗಿಸಲಾರದು. ಈ ಮಾತನ್ನು ಓದಿದ ಒಬ್ಬ ತಂದೆಯಾದರೂ, ಒಬ್ಬ ಮಾಸ್ತರರಾದರೂ ಚೆಂಡನ್ನು ಕೊಳ್ಳುವ ಮೊದಲು ಮಗುವಿನ ಅಂಗೈಯನ್ನು ಬಿಡಿಸಿ ನೋಡಿದರೆ ನಮ್ಮ ಬರೆಹ ಸಾರ್ಥಕ.